ಹಾಗಂದಿದ್ದು ನಾನಲ್ಲ

ಮೇಜಿನ ಮೇಲೆ ಒಂದೇ ಅಳತೆಯ ಎರಡು ಗಾಜಿನ ಲೋಟ, ಎರಡರಲ್ಲೂ ಸಮಸಮ ನೀರು. ಮಗಳಿಗೆ ಆಗ ನಾಲ್ಕೂವರೆ ವರ್ಷ. ಗಲ್ಲವನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೀರಿನ ಮಟ್ಟ ನೋಡಿದಳು. ಒಂದರಲ್ಲಿ ಕೂದಲೆಳೆಯಷ್ಟು ಕಡಿಮೆ ಇದೆ ಅಂತ ತಕರಾರು ತೆಗೆದಳು. ಚಮಚದಲ್ಲಿ ನಾಲ್ಕು ಹನಿ ಹಾಕಿಸಿಕೊಂಡ ಮೇಲೆ 'ಈಗ ಸರಿ, ಎರಡೂ ಒಂದೇ' ಎಂದು ತೀರ್ಪಾಯಿತು. ನಾನು ಅವಳ ಕಣ್ಣೆದುರೇ ಒಂದು ಲೋಟದ ನೀರನ್ನು ಸಪೂರವಾದ, ಎತ್ತರದ ಇನ್ನೊಂದು ಲೋಟಕ್ಕೆ ಸುರಿದೆ. ಒಂದು ಹನಿಯೂ ಚೆಲ್ಲಲಿಲ್ಲ.

'ಈಗ?'

'ಇದರಲ್ಲಿ ಜಾಸ್ತಿ.' ಬೆರಳು ಎತ್ತರದ ಲೋಟದ ಕಡೆ.

'ಹೇಗೆ?'

'ನೋಡು, ಇಲ್ಲೀ ತನಕ ಬಂದಿದೆಯಲ್ಲ.' ಹೇಳುವಾಗ ದನಿಯಲ್ಲಿ ನನ್ನ ಬಗ್ಗೆ ಸಣ್ಣ ಕನಿಕರವೂ ಇತ್ತು.

ನಾಲ್ಕು ಹನಿಗೆ ಜಗಳ ತೆಗೆದವಳು, ಅರ್ಧ ಲೋಟ ನೀರು ಎಲ್ಲಿಂದಲೋ ಉದ್ಭವವಾದದ್ದನ್ನು ಏನೂ ಆಗೇ ಇಲ್ಲ ಎಂಬಂತೆ ಒಪ್ಪಿಕೊಂಡಿದ್ದಳು.

ಇದು ಗೊತ್ತಿದ್ದೇ ಮಾಡಿದ ಪರೀಕ್ಷೆ. ಶಿಕ್ಷಕ ತರಬೇತಿಯ ಪುಸ್ತಕಗಳಲ್ಲಿ ಬೌದ್ಧಿಕ ವಿಕಾಸದ ಹಂತಗಳು ಎಂಬ ಅಧ್ಯಾಯ ತೆಗೆದರೆ ಈ ಲೋಟಗಳ ಚಿತ್ರ ಎದುರಾಗುತ್ತದೆ. ಪಿಯಾಜೆ ಎಂಬ ಹೆಸರು, ನಾಲ್ಕು ಹಂತ, ಎದುರಿಗೆ ನಾಲ್ಕು ವಯಸ್ಸು, ಸುತ್ತ ಗೆರೆ ಎಳೆದ ಕೋಷ್ಟಕ. ನಾನೂ ಒಂದು ಕಾಲದಲ್ಲಿ ಪರೀಕ್ಷೆಗೆಂದು ಉರುಹೊಡೆದು, ಬರೆದು, ಮರೆತವನೇ. ಆ ಕೋಷ್ಟಕದ ಎರಡನೇ ಸಾಲಿನಲ್ಲಿ ಮುಂದೊಂದು ದಿನ ನನ್ನ ಮಗಳು ಕೂತಿರುತ್ತಾಳೆ ಎಂದು ಆಗ ಹೊಳೆದಿರಲಿಲ್ಲ.

ನಿಜ ಹೇಳಬೇಕೆಂದರೆ ಆವತ್ತು ನನಗೆ ಬೇಜಾರಾಯಿತು. ಪುಸ್ತಕದ ಮಗು ತಪ್ಪು ಹೇಳುತ್ತದೆ ಸರಿ, ನಮ್ಮನೆಯದು ಹೇಳಲಿಕ್ಕಿಲ್ಲ ಎಂಬ ಗುಟ್ಟಿನ ಆಸೆ ಇತ್ತು ಅಂತ ಕಾಣುತ್ತದೆ. ಪಾಠ ಶುರು ಮಾಡಿದೆ. ನೀರನ್ನು ವಾಪಸ್ ಮೊದಲಿನ ಲೋಟಕ್ಕೆ ಸುರಿದೆ. 'ಈಗ ಒಂದೇ ಆಯ್ತು' ಅಂದಳು. ಮತ್ತೆ ಎತ್ತರದ್ದಕ್ಕೆ. 'ಮತ್ತೆ ಜಾಸ್ತಿ ಆಯ್ತು.' ಹಿಂದೆ, ಮುಂದೆ, ಹಿಂದೆ, ಮುಂದೆ. ಆರನೆಯ ಸಲವೋ ಏಳನೆಯ ಸಲವೋ ಅವಳೇ ನನಗೆ ವಿವರಿಸಿದಳು: 'ನೀನು ಇದಕ್ಕೆ ಸುರಿದಾಗೆಲ್ಲ ಜಾಸ್ತಿ ಆಗತ್ತೆ.' ನಾನು ಸಾಕ್ಷಿ ಎಂದು ಮುಂದಿಟ್ಟಿದ್ದೆಲ್ಲ ಅವಳ ವಾದಕ್ಕೇ ಸಾಕ್ಷಿಯಾಗಿ ಹೋಗಿತ್ತು.

ಅಲ್ಲಿಗೆ ಪಾಠ ನಿಲ್ಲಿಸಿ, ಅವಳ ಬಗ್ಗೆ ಆಗೀಗ ಬರೆದಿಡುತ್ತಿದ್ದ ನೋಟ್‌ಬುಕ್ ತೆಗೆದು ತಾರೀಖು ಹಾಕಿ, ಕೇಳಿದ ಪ್ರಶ್ನೆ ಮತ್ತು ಅವಳ ಉತ್ತರವನ್ನು ಅವಳದೇ ಮಾತಿನಲ್ಲಿ ಬರೆದಿಟ್ಟೆ. ಆ ನೋಟ್‌ಬುಕ್ ಈಗಲೂ ಇದೆ. ಈ ಬರಹ ಹುಟ್ಟಿದ್ದೂ ಅದರಿಂದಲೇ.

ಜೀನ್ ಪಿಯಾಜೆ ಮೂಲತಃ ಬಸವನಹುಳುಗಳ ಮನುಷ್ಯ. 1896ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿದವನು, ಇನ್ನೂ ಶಾಲೆಯ ಹುಡುಗನಾಗಿದ್ದಾಗ, 1907ರಲ್ಲಿ, ಬಿಳಿ ಗುಬ್ಬಚ್ಚಿಯೊಂದನ್ನು ಕಂಡ ಬಗ್ಗೆ ಒಂದು ಪುಟದ ಟಿಪ್ಪಣಿ ಅಚ್ಚು ಹಾಕಿಸಿದ. ಆಮೇಲೆ ಮೃದ್ವಂಗಿಗಳ ಹಿಂದೆ ಬಿದ್ದು, 1918ರಲ್ಲಿ ಡಾಕ್ಟರೇಟ್ ಮುಗಿಸಿದ. ಮಕ್ಕಳ ಕಡೆ ಅವನು ಬಂದದ್ದು ಪ್ಯಾರಿಸ್ಸಿನಲ್ಲಿ, ಅದೂ ಒಂದು ಬೇಸರದ ಕೆಲಸದ ದಾರಿಯಿಂದ. ಇಂಗ್ಲೆಂಡಿನ ಸಿರಿಲ್ ಬರ್ಟ್ ಮಾಡಿದ ತರ್ಕದ ಪರೀಕ್ಷೆಗಳನ್ನು ಫ್ರೆಂಚ್ ಮಕ್ಕಳಿಗೆ ಹೊಂದಿಸಿಕೊಡಬೇಕಿತ್ತು. ಸರಿ ಉತ್ತರ ಎಣಿಸಿ ಅಂಕ ಹಾಕಿದರೆ ಕೆಲಸ ಮುಗಿಯಿತು. ಆದರೆ ಇವನ ಕಣ್ಣು ತಪ್ಪು ಉತ್ತರಗಳ ಮೇಲೆ ನಿಂತಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು! ತಪ್ಪಿಗೂ ಒಂದು ಕ್ರಮ ಇದ್ದರೆ ಅದರ ಹಿಂದೆ ಒಂದು ಯೋಚನೆ ಇರಲೇಬೇಕಲ್ಲ? ಅಂಕ ಹಾಕುವುದು ಬಿಟ್ಟು, 'ಯಾಕೆ ಹಾಗೆ ಅನ್ನುತ್ತೀಯ?' ಎಂದು ಕೇಳುತ್ತ ಕೂತ. ಆಮೇಲಿನ ಅರವತ್ತು ವರ್ಷವೂ, 1980ರಲ್ಲಿ ತೀರಿಕೊಳ್ಳುವ ತನಕ, ಬಹುಮಟ್ಟಿಗೆ ಅದನ್ನೇ ಕೇಳಿದ.

ಅವನ ಮೂವರು ಮಕ್ಕಳೂ ಅವನ ಟಿಪ್ಪಣಿ ಪುಸ್ತಕಗಳಲ್ಲಿದ್ದಾರೆ. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಲೂಸಿಯೆನ್ ಎಂಬ ಮಗಳ ಬೆಂಕಿಪೊಟ್ಟಣದ ಪ್ರಸಂಗ. ಮಗುವಿಗೆ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಗಡಿಯಾರದ ಸರಪಳಿಯನ್ನು ಪೊಟ್ಟಣದೊಳಗೆ ಹಾಕಿ, ಬೆರಳು ತೂರದಷ್ಟು ಸಣ್ಣ ಸಂದು ಬಿಟ್ಟು ಕೊಟ್ಟ. ಹಿಂದಿನ ಉಪಾಯಗಳು ನಡೆಯಲಿಲ್ಲ. ಮಗು ಸುಮ್ಮನೆ ಆ ಸಂದನ್ನೇ ನೋಡಿತು. ಆಮೇಲೆ ತನ್ನ ಬಾಯಿಯನ್ನು ಸ್ವಲ್ಪ ತೆರೆಯಿತು, ಮುಚ್ಚಿತು, ಇನ್ನೂ ಸ್ವಲ್ಪ ಅಗಲಿಸಿತು, ಮತ್ತೂ ಅಗಲಿಸಿತು. ತಟ್ಟನೆ ಬೆರಳನ್ನು ಸಂದಿಗೆ ಸಿಕ್ಕಿಸಿ ಪೊಟ್ಟಣವನ್ನು ಎಳೆದು ತೆರೆಯಿತು. 'ಇದನ್ನು ಅಗಲ ಮಾಡಬೇಕು' ಎಂಬ ಮಾತು ಆ ಮಗುವಿನ ಬಳಿ ಇನ್ನೂ ಇರಲಿಲ್ಲ, ಆ ಯೋಚನೆಯನ್ನು ಬಾಯಿ ತೆರೆದು ಯೋಚಿಸಿತ್ತು. ಹುಟ್ಟಿದಂದಿನಿಂದ ಸುಮಾರು ಎರಡು ವರ್ಷದವರೆಗಿನದನ್ನು ಪಿಯಾಜೆ ಸಂವೇದನಾ ಚಾಲಕ ಹಂತ ಎಂದು ಕರೆದ. ಪದ ಭಾರವಾಯಿತು. ಮಗು ಮೈಯಿಂದ ಯೋಚಿಸುತ್ತದೆ ಅಂದರೆ ಸಾಕು.

ನನ್ನ ಮಗಳ ಮೊದಲ ವರ್ಷದ ನೆನಪುಗಳನ್ನು ನಾನು ಬರೆದಿಡಲಿಲ್ಲ, ಮನಸ್ಸಿನಲ್ಲಿ ಉಳಿದದ್ದಷ್ಟೇ. ಆರು ತಿಂಗಳಿದ್ದಾಗ ಕೈಯಲ್ಲಿದ್ದ ಗಿಲಕಿಯ ಮೇಲೆ ಟವೆಲ್ ಹಾಕಿದರೆ, ಅಂಥದೊಂದು ವಸ್ತು ಲೋಕದಲ್ಲಿ ಇರಲೇ ಇಲ್ಲ ಎಂಬಂತೆ ಬೇರೆ ಕಡೆ ತಿರುಗುತ್ತಿದ್ದಳು. ಹತ್ತು ತಿಂಗಳಿಗೆ ಟವೆಲ್ ಎಳೆದು ಹುಡುಕಲು ಕಲಿತಿದ್ದಳು. ಆದರೆ ಎರಡು ಸಲ ದಿಂಬಿನಡಿ ಬಚ್ಚಿಟ್ಟು ಸಿಕ್ಕ ಚೆಂಡನ್ನು ಮೂರನೆಯ ಸಲ ಅವಳು ನೋಡುತ್ತಿದ್ದಂತೆಯೇ ಹೊದಿಕೆಯಡಿ ಇಟ್ಟರೆ, ಮತ್ತೆ ದಿಂಬನ್ನೇ ಎತ್ತುವಳು. ಸಿಗಲಿಲ್ಲವೆಂದರೆ ನನ್ನ ಮುಖ ನೋಡುವಳು. ಈ ತಪ್ಪನ್ನೂ ಪಿಯಾಜೆ ಗುರುತಿಸಿದ್ದ. ಇದು ಯಾಕೆ ಆಗುತ್ತದೆ ಎಂಬ ಬಗ್ಗೆ ತಜ್ಞರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ.

ಎರಡರಿಂದ ಏಳರವರೆಗಿನ ಕಾರ್ಯಪೂರ್ವ ಹಂತದಲ್ಲಿ ನೋಟ್‌ಬುಕ್ ದಪ್ಪವಾಗಿದೆ. ಆ ಹಂತಕ್ಕೆ 'ಪೂರ್ವ' ಎಂಬ ಹೆಸರಿಟ್ಟಿದ್ದೇ ಅನ್ಯಾಯ ಅಂತ ನನ್ನ ಅಭಿಪ್ರಾಯ. ಇನ್ನೂ ಬಾರದ ಒಂದು ಸಾಮರ್ಥ್ಯದ, ಅಂದರೆ ಮನಸ್ಸಿನಲ್ಲೇ ತರ್ಕ ನಡೆಸುವುದರ, ಹೆಸರಿನಲ್ಲಿ ಐದು ವರ್ಷದ ಅದ್ಭುತ ಯೋಚನೆಯನ್ನು ಕರೆದುಬಿಡುವುದು.

ಒಂದು ಪುಟದಲ್ಲಿ ಹೀಗಿದೆ. ವಯಸ್ಸು ಮೂರು ವರ್ಷ ಎರಡು ತಿಂಗಳು. ಬೆಳಿಗ್ಗೆ ಎದ್ದವಳೇ ನನ್ನ ಜೊತೆ ಟೂ ಬಿಟ್ಟಳು. ಮುಖ ತಿರುಗಿಸಿ ಕೂತಳು. ಬಹಳ ಓಲೈಸಿದ ಮೇಲೆ ಕಾರಣ ಬಂತು: ರಾತ್ರಿ ದೊಡ್ಡ ನಾಯಿ ಬಂದಾಗ ನಾನು ಅವಳನ್ನು ಎತ್ತಿಕೊಳ್ಳಲಿಲ್ಲವಂತೆ, ಅಲ್ಲೇ ನಿಂತು ನೋಡುತ್ತಿದ್ದೆನಂತೆ. ಅದು ಕನಸು ಪುಟ್ಟಾ ಅಂದೆ. 'ಹೌದು, ಕನಸಲ್ಲಿ. ನೀನು ಅಲ್ಲೇ ಇದ್ದೆಯಲ್ಲ!' ನನ್ನ ಸಮಜಾಯಿಷಿಗೆ ಅಲ್ಲಿ ಜಾಗವೇ ಇರಲಿಲ್ಲ. ಕೊನೆಗೆ ಕ್ಷಮೆ ಕೇಳಿದೆ. ಇನ್ನೊಂದು ಸಲ ನಾಯಿ ಬಂದರೆ ಎತ್ತಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ಪಿಯಾಜೆ 1920ರ ದಶಕದಲ್ಲೇ ಮಕ್ಕಳನ್ನು ಕನಸಿನ ಬಗ್ಗೆ ವಿಚಾರಿಸಿದ್ದ. ಸಣ್ಣವರ ಪ್ರಕಾರ ಕನಸು ಹೊರಗಿನಿಂದ ಬರುತ್ತದೆ, ಕೋಣೆಯಲ್ಲಿ ನಡೆಯುತ್ತದೆ. ಕನಸು ತಲೆಯೊಳಗಿನದು, ನನ್ನೊಬ್ಬನದು ಎಂಬುದು ನಿಧಾನಕ್ಕೆ ಗಳಿಸಬೇಕಾದ ತಿಳಿವಳಿಕೆ. ನನ್ನ ಕನಸನ್ನು ನೀನು ನೋಡಿಲ್ಲ ಎಂದು ತಿಳಿಯಬೇಕಾದರೆ ಮೊದಲು ನನಗೊಂದು ತಲೆ, ನಿನಗೊಂದು ತಲೆ ಎಂದು ತಿಳಿದಿರಬೇಕು. ಅದು ಸಣ್ಣ ಸಂಗತಿಯಲ್ಲ.

ಅದಕ್ಕೂ ಹಿಂದೆ, ಒಂದೂವರೆ ವರ್ಷದವಳಿದ್ದಾಗ, ಅಂಗೈಯಗಲದ ಗೊಂಬೆಕುರ್ಚಿಯ ಮೇಲೆ ಗಂಭೀರವಾಗಿ ಕೂರಲು ಹೋಗಿ ಬಿದ್ದಿದ್ದಳು. ತಮಾಷೆಗೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಜೂಡಿ ಡಿಲೋಶ್ ಮತ್ತು ಸಂಗಡಿಗರು 2004ರಲ್ಲಿ ಇದನ್ನೇ ವರದಿ ಮಾಡಿದ್ದಾರೆ: ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಆಟಿಕೆಯ ಜಾರುಬಂಡೆಯಲ್ಲಿ ಜಾರಲು, ಆಟಿಕೆಯ ಕಾರಿನೊಳಗೆ ಕಾಲು ತೂರಿಸಲು ನಿಜವಾಗಿಯೂ ಪ್ರಯತ್ನಿಸುತ್ತಾರೆ. ಇದು ಕುರ್ಚಿ ಎಂದು ಗುರುತಿಸುವ ಬುದ್ಧಿ ಒಂದು ಕಡೆ, ಇದು ಎಷ್ಟು ದೊಡ್ಡದು ಎಂದು ಅಳೆಯುವ ಕಣ್ಣು ಇನ್ನೊಂದು ಕಡೆ, ಎರಡರ ನಡುವೆ ಆ ಗಳಿಗೆಯಲ್ಲಿ ಮಾತುಕತೆ ಇರುವುದಿಲ್ಲ.

ಪಿಯಾಜೆ ಹೇಳಿದ್ದೆಲ್ಲ ನಿಂತಿಲ್ಲ. ಅವನು ಮಕ್ಕಳನ್ನು ಕಡಿಮೆ ಅಂದಾಜು ಮಾಡಿದ ಎನ್ನುವುದು ಈಗ ಬಹುಮಂದಿ ಒಪ್ಪಿದ ಮಾತು. 1987ರಲ್ಲಿ ರೆನೆ ಬೈಯಾರ್ಜನ್ ಮೂರೂವರೆ, ನಾಲ್ಕೂವರೆ ತಿಂಗಳ ಕೂಸುಗಳ ಮುಂದೆ ಒಂದು ಪೆಟ್ಟಿಗೆ ಇಟ್ಟು, ಅದನ್ನು ಮರೆ ಮಾಡುವಂತೆ ಒಂದು ಹಲಗೆಯನ್ನು ಮೇಲೆತ್ತಿ ಹಿಂದಕ್ಕೆ ಮಗುಚಿದರು. ಹಲಗೆ ಪೆಟ್ಟಿಗೆಗೆ ತಾಗಿ ನಿಲ್ಲಬೇಕು. ಯುಕ್ತಿಯಿಂದ ಅದನ್ನು ಪೂರ್ತಿ ಮಲಗಿಸಿದಾಗ, ಪೆಟ್ಟಿಗೆ ಇದ್ದ ಜಾಗದಲ್ಲೇ ಹಲಗೆ ಹಾದುಹೋದಂತೆ ಕಂಡಾಗ, ನಾಲ್ಕೂವರೆ ತಿಂಗಳ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಇನ್ನೂ ಎಳೆಯವರಲ್ಲೂ ಕೆಲವರು ಹಾಗೆ ಮಾಡಿದರು. ಕಣ್ಣಿಗೆ ಮರೆಯಾದದ್ದು ಇಲ್ಲವಾಯಿತು ಎಂದು ನಂಬಿದ ಕೂಸು ಹಾಗೆ ಅಚ್ಚರಿಪಡಬೇಕಾಗಿರಲಿಲ್ಲ. ಹಾಗಾದರೆ ನನ್ನ ಮಗಳು ಟವೆಲ್ಲಿನಡಿಯ ಗಿಲಕಿಯನ್ನು ಮರೆತಿರಲಿಲ್ಲವೋ ಏನೋ, ಕೈಗೆ ಹುಡುಕುವ ಉಪಾಯ ಬರುತ್ತಿರಲಿಲ್ಲ ಅಷ್ಟೇ.

ಲೋಟದ ಪ್ರಶ್ನೆಗೂ ಇಂಥದೇ ತಕರಾರು ಬಂದಿದೆ, ಅದು ನೇರ ನನಗೇ ತಾಗುತ್ತದೆ. 1974ರಲ್ಲಿ ಸೂಸನ್ ರೋಸ್ ಮತ್ತು ಮರಿಯನ್ ಬ್ಲ್ಯಾಂಕ್ ಇಂಥ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲದ ಬದಲು ಒಂದೇ ಸಲ, ಬದಲಾವಣೆಯ ನಂತರ ಮಾತ್ರ ಕೇಳಿ ನೋಡಿದರು. ಮಕ್ಕಳ ತಪ್ಪು ಕಡಿಮೆಯಾಯಿತು. ಯೋಚಿಸಿದರೆ ಸಹಜವೇ. ದೊಡ್ಡವರೊಬ್ಬರು ಕೇಳಿದ್ದನ್ನೇ ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಾಯಿತು ಎಂದೇ ಅರ್ಥ. ಅದೇ ಹೊತ್ತಿಗೆ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎರಡು ಸಾಲು ಬಿಲ್ಲೆಗಳ ಆಟ ಮಾಡಿದರು. ದೊಡ್ಡವರು ಒಂದು ಸಾಲನ್ನು ಹಿಗ್ಗಿಸಿದರೆ ಹೆಚ್ಚಿನ ಮಕ್ಕಳು ಅದರಲ್ಲಿ ಜಾಸ್ತಿ ಇದೆ ಅಂದರು. ತುಂಟ ಕರಡಿ ಗೊಂಬೆ ಬಂದು ಸಾಲು ಕೆಡಿಸಿದಾಗ ಅದೇ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರು 'ಎರಡೂ ಒಂದೇ' ಅಂದರು. ಕರಡಿಗೆ ಗಂಭೀರ ಉದ್ದೇಶ ಇರುವುದಿಲ್ಲ, ಅಪ್ಪನಿಗೆ ಇರುತ್ತದೆ.

ನಾನು ಆ ಸಂಜೆ ಎಷ್ಟು ಸಲ ಕೇಳಿದ್ದೆ? ಹನ್ನೆರಡು ಸಲವಾದರೂ ಆಗಿರಬೇಕು. ನೀರನ್ನಷ್ಟೇ ಅಲ್ಲ, ನನ್ನನ್ನೂ ಅವಳು ಓದುತ್ತಿದ್ದಳು. ಆದರೂ ಎತ್ತರದ ಲೋಟ ತೋರಿಸುವಾಗಿನ ಆ ಕನಿಕರ ನನ್ನನ್ನು ಮೆಚ್ಚಿಸಲು ಹೇಳಿದವಳದ್ದಲ್ಲ. ಅದು ಕಂಡದ್ದನ್ನು ಕಂಡಂತೆ ಹೇಳಿದವಳದ್ದು.

ಹಂತ ಅಂದಕೂಡಲೇ ನಮಗೆ ಮೆಟ್ಟಿಲು ಕಣ್ಣಿಗೆ ಬರುತ್ತದೆ. ಕೆಳಗಿನದರಿಂದ ಕಾಲೆತ್ತಿ ಮೇಲಿನದರಲ್ಲಿ ಇಟ್ಟರೆ ಕೆಳಗಿನದು ಖಾಲಿ. ನನಗೆ ಮನೆಯಲ್ಲಿ ಕಂಡದ್ದು ಆರು ವರ್ಷದ ಮಗುವಿನ ಬಾಯಿಯ ಹಾಗಿತ್ತು. ಒಂದು ಹಾಲುಹಲ್ಲು ಅಲುಗಾಡುತ್ತಿದೆ, ಪಕ್ಕದ್ದು ಗಟ್ಟಿ, ಎದುರಿಗೆ ಕಿಂಡಿ, ಕಿಂಡಿಯಲ್ಲಿ ಹೊಸ ಹಲ್ಲಿನ ಗರಗಸದಂಥ ಅಂಚು. ಆರು ತುಂಬಿದಾಗ ಬಿಲ್ಲೆಗಳನ್ನು ಹೇಗೆ ಹರಡಿದರೂ 'ಅಷ್ಟೇ ಇವೆ' ಅನ್ನುತ್ತಿದ್ದಳು, ನೀರಿನ ವಿಷಯಕ್ಕೆ ತಡವರಿಸುತ್ತಿದ್ದಳು. ನೀರು ಗೆದ್ದ ಮೇಲೂ ಜೇಡಿಮಣ್ಣಿನ ಉಂಡೆಯನ್ನು ಹಾವಿನಂತೆ ಹೊಸೆದರೆ ಮಣ್ಣು ಅಷ್ಟೇ, 'ಆದರೆ ಹಾವು ಹಗುರ.' ಪಿಯಾಜೆಗೂ ಇದು ಗೊತ್ತಿತ್ತು. ಮೂರ್ತ ಕಾರ್ಯಗಳ ಹಂತದಲ್ಲಿ, ಅಂದರೆ ಸುಮಾರು ಏಳರಿಂದ ಹನ್ನೊಂದರ ನಡುವೆ, ಸಂಖ್ಯೆ ಮೊದಲು, ಪ್ರಮಾಣ ಆಮೇಲೆ, ತೂಕ ಇನ್ನೂ ತಡ, ಗಾತ್ರ ಕೊನೆಗೆ ಎಂದು ಅವನೇ ಬರೆದಿದ್ದ. ಕೋಷ್ಟಕ ಮಾಡಿದವರು ಅದನ್ನು ಬಿಟ್ಟರು.

ಹನ್ನೊಂದರ ನಂತರದ್ದು ಔಪಚಾರಿಕ ಕಾರ್ಯಗಳ ಹಂತ. ನಮ್ಮ ಮನೆಯಲ್ಲಿ ಅದು ಇನ್ನೂ ಬಂದಿಲ್ಲ. ಲೋಲಕ ಬೇಗ ತೂಗುವುದು ದಾರದ ಉದ್ದದಿಂದಲೋ, ಗುಂಡಿನ ತೂಕದಿಂದಲೋ, ತಳ್ಳಿದ ಬಲದಿಂದಲೋ ಎಂದು ಕಂಡುಹಿಡಿಯಲು ಒಂದೊಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಇಡುವ ಶಿಸ್ತು ಅದು. ಎಲ್ಲರೂ ಎಲ್ಲ ವಿಷಯದಲ್ಲೂ ಅಲ್ಲಿಗೆ ತಲುಪುವುದಿಲ್ಲ. 1972ರಲ್ಲಿ ಪಿಯಾಜೆಯೇ ಅದನ್ನು ಸಡಿಲಿಸಿ, ಹದಿನೈದರಿಂದ ಇಪ್ಪತ್ತರ ಹೊತ್ತಿಗೆ ಅವರವರ ಒಲವಿಗೆ, ಕಸುಬಿಗೆ ತಕ್ಕಂತೆ ಬರಬಹುದು ಅಂದ. ವೈಫೈ ಕೈಕೊಟ್ಟಾಗ ರೂಟರ್, ಫೋನ್ ಎರಡನ್ನೂ ಒಟ್ಟಿಗೆ ಆಫ್ ಮಾಡಿ ಆನ್ ಮಾಡುವವನು ನಾನು. ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ಹೇಳಲಾರೆ.

ಪಿಯಾಜೆ ಎಲ್ಲಿ ಭಾಷಣ ಮಾಡಿದರೂ ಒಂದು ಪ್ರಶ್ನೆ ಬರುತ್ತಿತ್ತಂತೆ: ಈ ಹಂತಗಳನ್ನು ಬೇಗ ದಾಟಿಸಬಹುದೇ? ಅದಕ್ಕೆ ಅವನು ಅಮೆರಿಕನ್ ಪ್ರಶ್ನೆ ಎಂದೇ ಹೆಸರಿಟ್ಟಿದ್ದ. ಈಗ ಅದು ಎಲ್ಲ ಕಡೆಯ ಅಪ್ಪಅಮ್ಮಂದಿರ ಪ್ರಶ್ನೆ. ಆ ಸಂಜೆ ಏಳು ಸಲ ನೀರು ಸುರಿದ ನಾನು ಅದನ್ನೇ ಕೇಳುತ್ತಿದ್ದೆ ತಾನೆ? ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ, 1934ರಲ್ಲಿ ಮೂವತ್ತೇಳನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಇದಕ್ಕೆ ಬೇರೆ ಉತ್ತರ ಕೊಡುತ್ತಿದ್ದ. ಮಗು ಒಂಟಿಯಾಗಿ ಏನು ಮಾಡಬಲ್ಲದು ಎನ್ನುವುದಕ್ಕಿಂತ, ತಿಳಿದವರು ಜೊತೆಗಿದ್ದರೆ ಏನು ಮಾಡಬಲ್ಲದು ಎನ್ನುವುದೇ ಅವನಿಗೆ ಮುಖ್ಯ. ನಾನು ಅವಳ ಜೊತೆಗಿರಲಿಲ್ಲ, ಎದುರಿಗಿದ್ದೆ.

ವೈಗೋಟ್‌ಸ್ಕಿ ನೆನಪಾದಾಗೆಲ್ಲ ಶೂ ಲೇಸ್ ನೆನಪಾಗುತ್ತದೆ. ಐದು ವರ್ಷದವಳಿದ್ದಾಗ ಕಟ್ಟುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: 'ಇದು ಮೇಲೆ, ಇದು ಕೆಳಗೆ, ಗುಹೆ ಒಳಗೆ ಹೋಗು, ಅಯ್ಯೋ ಬಂತು, ಇನ್ನೊಂದು ಸಲ.' ಯಾರಿಗೂ ಹೇಳುತ್ತಿರಲಿಲ್ಲ. ಪಿಯಾಜೆಗೆ ಇಂಥ ಮಾತು, ಕೇಳುವವರ ಪರಿವೆಯಿಲ್ಲದ, ಬೆಳೆದಂತೆ ಉದುರಿಹೋಗುವ ಮಾತು. ಅದು ಉದುರುವುದಿಲ್ಲ, ಒಳಗೆ ಇಳಿದು ಯೋಚನೆಯಾಗುತ್ತದೆ ಎಂದು ವೈಗೋಟ್‌ಸ್ಕಿ. ಈ ವಿಷಯದಲ್ಲಿ ನಾನು ವೈಗೋಟ್‌ಸ್ಕಿ ಕಡೆ. ಈಗ ಅವಳು ಲೇಸ್ ಕಟ್ಟುವಾಗ ತುಟಿ ಸುಮ್ಮನಿರುತ್ತದೆ. ಆ ಗೊಣಗು ಯಾವ ದಿನ ನಿಂತಿತು? ನೋಟ್‌ಬುಕ್ಕಿನಲ್ಲಿ ಇಲ್ಲ. ಶುರುವಾದದ್ದಕ್ಕೆಲ್ಲ ತಾರೀಖು ಹಾಕಿದ್ದೇನೆ, ನಿಂತದ್ದಕ್ಕೆ ಒಂದಕ್ಕೂ ಇಲ್ಲ.

ಅವಳ ಆರೂವರೆ ವರ್ಷಕ್ಕೆ ಅದೇ ಲೋಟಗಳನ್ನು ಮತ್ತೆ ತೆಗೆದೆ. ಈ ಸಲ ಒಂದೇ ಸಲ ಕೇಳಿದೆ. ನಾನು ಸುರಿದು ಮುಗಿಸುವ ಮೊದಲೇ 'ಅಷ್ಟೇ ಇದೆ' ಅಂದಳು. ಯಾಕೆ ಅಂದರೆ, ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. 'ಅದೇ ನೀರಲ್ವಾ? ಲೋಟ ಸಣ್ಣ, ಅದಕ್ಕೆ ಮೇಲೆ ಹೋಗಿದೆ.' ನಾನು ಹಿಗ್ಗಿ, ನೀನು ಚಿಕ್ಕವಳಿದ್ದಾಗ ಇದರಲ್ಲಿ ಜಾಸ್ತಿ ಅಂದಿದ್ದೆ ಗೊತ್ತಾ ಅಂದೆ.

'ಇಲ್ಲ.'

'ಅಂದಿದ್ದೆ.'

'ಹಾಗಂದಿದ್ದು ನಾನಲ್ಲ.'

ಮರೆತಿರುವುದು ಸಹಜ. ಮೂರೂವರೆ ವರ್ಷಕ್ಕೂ ಹಿಂದಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರ ನೆನಪಿಗೂ ಬರುವುದಿಲ್ಲ, ಆಮೇಲಿನದೂ ಚೂರುಚೂರು. ಆದರೆ ಅವಳದ್ದು ಮರೆವಲ್ಲ, ನಿರಾಕರಣೆ. 1988ರಲ್ಲಿ ಆಲಿಸನ್ ಗೋಪ್ನಿಕ್ ಮತ್ತು ಜ್ಯಾನೆಟ್ ಆ್ಯಸ್ಟಿಂಗ್‌ಟನ್ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಮಿಠಾಯಿ ಡಬ್ಬ ತೋರಿಸಿ ಒಳಗೇನಿದೆ ಅಂದರೆ ಮಗು 'ಮಿಠಾಯಿ' ಅನ್ನುತ್ತದೆ. ತೆರೆದರೆ ಪೆನ್ಸಿಲ್. ಮತ್ತೆ ಮುಚ್ಚಿ, ಮೊದಲು ನೋಡಿದಾಗ ಒಳಗೇನಿದೆ ಅಂದುಕೊಂಡಿದ್ದೆ ಎಂದು ಕೇಳಿದರೆ, ಮೂರು ವರ್ಷದವರಲ್ಲಿ ಬಹಳಷ್ಟು ಮಕ್ಕಳು 'ಪೆನ್ಸಿಲ್' ಅನ್ನುತ್ತಾರೆ. ಕಳೆದದ್ದು ನಿಮಿಷವೋ ಎರಡು ನಿಮಿಷವೋ. ಸುಳ್ಳು ಹೇಳುತ್ತಿಲ್ಲ ಅವರು. ತಿಳಿಯುವ ಮೊದಲಿನ ತಾನು ಅವರ ಕೈಗೆ ಸಿಗುತ್ತಿಲ್ಲ. ನಾಲ್ಕೈದರ ಹೊತ್ತಿಗೆ ಇದು ಸುಧಾರಿಸುತ್ತದೆ. ಆರೂವರೆಯ ನನ್ನ ಮಗಳು ಡಬ್ಬದ ಪರೀಕ್ಷೆ ಸಲೀಸಾಗಿ ಗೆಲ್ಲುತ್ತಾಳೆ. ಲೋಟದ್ದು ಬೇರೆ. ಅಲ್ಲಿ ಬದಲಾದದ್ದು ಡಬ್ಬದ ಬಗೆಗಿನ ಒಂದು ಊಹೆಯಲ್ಲ, ನೀರು ಎಂದರೆ ಏನು ಎನ್ನುವುದೇ. ಈ ಕಡೆಯ ದಡದಿಂದ ಆ ಕಡೆಯದು ಕಾಣುವುದಿಲ್ಲ. ನನಗೂ ಕಾಣುವುದಿಲ್ಲ. ಎತ್ತರದ ಲೋಟದಲ್ಲಿ ನೀರು ಹೆಚ್ಚಾಗುವ ಲೋಕದಲ್ಲಿ ನಾನೂ ವರ್ಷಗಟ್ಟಲೆ ಬಾಳಿದ್ದೇನೆ, ಅದರದ್ದು ಒಂದು ಚೂರೂ ನೆನಪಿಲ್ಲ.

ನೆನಪಿದ್ದರೂ ನಂಬುವ ಹಾಗಿಲ್ಲ ಎನ್ನುವುದಕ್ಕೆ ಪಿಯಾಜೆಯದೇ ಕಥೆ ಇದೆ. ಎರಡನೇ ವರ್ಷದಲ್ಲಿದ್ದಾಗ ಪ್ಯಾರಿಸ್ಸಿನ ಬೀದಿಯಲ್ಲಿ ತಳ್ಳುಗಾಡಿಯಿಂದ ತನ್ನನ್ನು ಒಬ್ಬ ಕದಿಯಲು ಬಂದದ್ದು, ದಾದಿ ಹೋರಾಡಿ ಮುಖ ಪರಚಿಸಿಕೊಂಡದ್ದು ಅವನಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಹದಿನೈದರ ಆಸುಪಾಸಿನಲ್ಲಿದ್ದಾಗ ಆ ದಾದಿಯಿಂದ ಮನೆಗೆ ಕಾಗದ ಬಂತು. ಎಲ್ಲ ಕಟ್ಟುಕಥೆ ಎಂದು ತಪ್ಪೊಪ್ಪಿಕೊಂಡು, ಆಗ ಇನಾಮಾಗಿ ಕೊಟ್ಟಿದ್ದ ಗಡಿಯಾರವನ್ನು ವಾಪಸ್ ಮಾಡಿದ್ದಳು. ಹಿರಿಯರು ಹೇಳಿದ್ದನ್ನು ಕೇಳಿ ಕೇಳಿ ಮಗು ಚಿತ್ರ ಮಾಡಿಕೊಂಡಿತ್ತು.

ಹಾಗಾಗಿ 'ಅಂದಿದ್ದೆ, ಅಂದಿದ್ದೆ' ಎಂದು ನಾನು ಮಗಳಿಗೆ ಒತ್ತಿ ಹೇಳಲು ಹೋಗಲಿಲ್ಲ. ಹೇಳಿ ಹೇಳಿ ಅವಳಿಗೊಂದು ನೆನಪು ಹುಟ್ಟಬಹುದು, ಆದರೆ ಅದು ಅವಳದ್ದಾಗಿರುವುದಿಲ್ಲ, ನನ್ನದಾಗಿರುತ್ತದೆ. ಬೇಕಾದರೆ ಓದಿಕೋ ಎಂದು ನೋಟ್‌ಬುಕ್ ಕೊಟ್ಟೆ. ಆಗಷ್ಟೇ ಕೂಡಿಸಿ ಓದಲು ಬರುತ್ತಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ನಾಯಿಯ ಕನಸಿಗೆ ನಕ್ಕಳು, ಗೊಂಬೆಕುರ್ಚಿಗೆ ಇನ್ನೂ ಜೋರಾಗಿ ನಕ್ಕಳು. ಲೋಟದ ಪುಟ ಬಂದಾಗ ನಗಲಿಲ್ಲ. ನಾನು ಫೋನ್ ಬಂತೆಂದು ಎದ್ದು ಹೋದೆ.

ರಾತ್ರಿ ತೆಗೆದು ನೋಡಿದರೆ, 'ಇದರಲ್ಲಿ ಜಾಸ್ತಿ' ಎಂದು ನಾನು ಬರೆದಿದ್ದ ಸಾಲಿನ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದಿತ್ತು. ಪಕ್ಕದಲ್ಲಿ, ಸಾಲು ತಪ್ಪಿ ಮೇಲಕ್ಕೆ ಏರುತ್ತ ಹೋದ ದಪ್ಪ ಅಕ್ಷರಗಳಲ್ಲಿ, 'ಎರಡೂ ಒಂದೆ'. ದೀರ್ಘ ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ.